31.30 ಲಕ್ಷದ ಕೊಟೇಶನ್: ಚೌಕಾಸಿ ಎಲ್ಲಿ, ಲೀಸ್ ಯಾರಿಗೆ?

ಪ್ರಶ್ನೆ: ಗಂಗಾವತಿ ಹತ್ತಿರ ಪಾಲುದಾರಿಕೆಯಲ್ಲಿ ರೈಸ್ ಮಿಲ್ ನಡೆಸುತ್ತೇವೆ, ಸ್ವಂತ ಗದ್ದೆಯೂ ಇದೆ. ಏಳು ಸೀಟಿನ ಡೀಸೆಲ್ ಎಸ್‌ಯುವಿ ತಗೋಬೇಕು. ಎಕ್ಸ್-ಶೋರೂಂ ಬೆಲೆ 24 ಲಕ್ಷ. ಬಳ್ಳಾರಿಯ ಡೀಲರ್ ಆನ್‌ರೋಡ್ 31.30 ಲಕ್ಷ ಬರೆದುಕೊಟ್ಟಿದ್ದಾರೆ, ‘ವೇಟಿಂಗ್ ಇದೆ, ಡಿಸ್ಕೌಂಟ್ ಇಲ್ಲ’ ಎನ್ನುತ್ತಾರೆ. ಹಳೆಯ ಗಾಡಿಯನ್ನು ಎಕ್ಸ್‌ಚೇಂಜ್‌ಗೆ ಕೇಳುತ್ತಿದ್ದಾರೆ. ಬೆಂಗಳೂರಿನ ಲೀಸ್ ಕಂಪನಿಯೊಂದು ಅದೇ ಗಾಡಿಗೆ 3 ವರ್ಷ, ವರ್ಷಕ್ಕೆ 15,000 ಕಿ.ಮೀ., ಇನ್ಶೂರೆನ್ಸ್ ಮತ್ತು ಸರ್ವೀಸ್ ಸೇರಿ ತಿಂಗಳಿಗೆ 54,000 ರೂ. ಮತ್ತು ಜಿಎಸ್‌ಟಿ ಎಂದಿದೆ. ಯಾವುದು ಲಾಭ? ಎಲ್ಲಿ ಜಗ್ಗಬಹುದು?

ಉತ್ತರ: 31.30 ಲಕ್ಷ ಎಂಬ ಮೊತ್ತದ ಮೇಲೆ ಚೌಕಾಸಿಗೆ ಕೂರಬೇಡಿ. ಅದರಲ್ಲಿ ಸರ್ಕಾರದ ಪಾಲು, ಕಂಪನಿಯ ಪಾಲು, ಡೀಲರ್ ಪಾಲು ಕಲಸಿ ಹೋಗಿವೆ. ಮೊದಲು ಸಾಲುಸಾಲಾಗಿ ಬಿಡಿಸಿ ಬರೆಸಿಕೊಳ್ಳಿ. ನೀವು ಕಳಿಸಿದ ಕೊಟೇಶನ್‌ನಲ್ಲಿ ಇರುವುದು ಹೀಗೆ:

ಎಕ್ಸ್-ಶೋರೂಂ 24,00,000
ಜೀವಾವಧಿ ತೆರಿಗೆ, ಸೆಸ್ ಸೇರಿ ಸುಮಾರು 4,80,000
ಟಿಸಿಎಸ್ 24,000
ಇನ್ಶೂರೆನ್ಸ್ 1,32,000
ನೋಂದಣಿ, ಸಾಲದ ನಮೂದು, ಫಾಸ್ಟ್ಯಾಗ್ 2,500
ಹ್ಯಾಂಡ್ಲಿಂಗ್ 15,000
ಆಕ್ಸೆಸರೀಸ್ ಕಿಟ್ 45,000
ಎಕ್ಸ್‌ಟೆಂಡೆಡ್ ವಾರಂಟಿ 32,000

ಅಲುಗಾಡದ ಸಾಲುಗಳನ್ನು ಮೊದಲು ಪಕ್ಕಕ್ಕಿಡೋಣ. ಎಕ್ಸ್-ಶೋರೂಂ ಬೆಲೆಯೊಳಗೇ ಶೇ 40 ಜಿಎಸ್‌ಟಿ ಕೂತಿದೆ. 24 ಲಕ್ಷದಲ್ಲಿ ಗಾಡಿಯ ಮೂಲಬೆಲೆ 17.14 ಲಕ್ಷ, ತೆರಿಗೆ 6.86 ಲಕ್ಷ. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ಇಂಥ ದೊಡ್ಡ ಗಾಡಿಗೆ ಶೇ 28 ಜಿಎಸ್‌ಟಿ, ಶೇ 22 ಸೆಸ್ ಸೇರಿ ಶೇ 50 ಇತ್ತು. ಹಾಗಾಗಿ ಆಗ ಸಂಬಂಧಿಕರು ಕೊಟ್ಟ ಬೆಲೆಯನ್ನು ಇಂದಿನದಕ್ಕೆ ಹೋಲಿಸಬೇಡಿ. ಕರ್ನಾಟಕದ ಜೀವಾವಧಿ ತೆರಿಗೆ 10ರಿಂದ 20 ಲಕ್ಷದವರೆಗೆ ಶೇ 17, 20 ದಾಟಿದರೆ ಶೇ 18. ಅದರ ಮೇಲೆ ಸೆಸ್ ಬಿದ್ದು ನಿಮ್ಮ ಗಾಡಿಗೆ ಶೇ 20ರ ಹತ್ತಿರ ಬರುತ್ತದೆ. ಟಿಸಿಎಸ್ ಖರ್ಚೇ ಅಲ್ಲ: 10 ಲಕ್ಷ ದಾಟಿದ ಗಾಡಿಗೆ ಶೇ 1 ಹಿಡಿದು ನಿಮ್ಮ ಪ್ಯಾನ್‌ಗೆ ಜಮಾ ಮಾಡುತ್ತಾರೆ, ರಿಟರ್ನ್ ಹಾಕುವಾಗ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಇನ್‌ವಾಯ್ಸ್ ಯಾರ ಹೆಸರಿಗೋ ಅವರದೇ ಪ್ಯಾನ್ ಕೊಡಬೇಕು. ಮಿಲ್ ಹೆಸರಲ್ಲಿ ಗಾಡಿ, ಪಾಲುದಾರರ ಪ್ಯಾನ್ ಎಂದಾದರೆ ಆ 24,000 ವಾಪಸ್ ಪಡೆಯಲು ಆಡಿಟರ್ ಕಚೇರಿಗೆ ಅಲೆಯಬೇಕಾಗುತ್ತದೆ.

ಜೀವಾವಧಿ ತೆರಿಗೆ ಉಳಿಸಲು ಆಂಧ್ರ, ತೆಲಂಗಾಣ ಅಥವಾ ಪುದುಚೇರಿ ನೋಂದಣಿ ಮಾಡಿಸಿಕೊಡುತ್ತೇವೆ ಎನ್ನುವವರು ನಮ್ಮ ಗಡಿ ಭಾಗದಲ್ಲಿ ಸಿಗುತ್ತಾರೆ. ನಿಮ್ಮ ವಾಸ ಅಥವಾ ವ್ಯವಹಾರ ಇರುವ ರಾಜ್ಯದಲ್ಲೇ ನೋಂದಣಿ ಆಗಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆ. ಹೊರರಾಜ್ಯದ ಗಾಡಿ 12 ತಿಂಗಳು ಮೀರಿ ಇಲ್ಲೇ ಉಳಿದರೆ ಮರುನೋಂದಣಿ ಕಡ್ಡಾಯ, ತೆರಿಗೆಯೂ ಬೀಳುತ್ತದೆ. ಆ ದಾರಿ ಬೇಡ. ಗಾಡಿಯನ್ನು ಮಾತ್ರ ಎಲ್ಲಿಂದ ಬೇಕಾದರೂ ಕೊಳ್ಳಬಹುದು: ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೊಂಡು ತಾತ್ಕಾಲಿಕ ನೋಂದಣಿಯಲ್ಲಿ ತಂದು ಇಲ್ಲೇ ಕೆಎ-37 ನಂಬರ್ ಹಾಕಿಸಬಹುದು. ಬಳ್ಳಾರಿ ಡೀಲರ್ ಎದುರು ನಿಮ್ಮ ಕೈಯಲ್ಲಿರುವ ಮುಖ್ಯ ಅಸ್ತ್ರ ಇದೇ. ಹೊಸಪೇಟೆ, ಹುಬ್ಬಳ್ಳಿ, ಬೆಂಗಳೂರು ಮೂರು ಕಡೆಯಿಂದ ಇದೇ ವೇರಿಯಂಟ್, ಇದೇ ಬಣ್ಣಕ್ಕೆ ಲಿಖಿತ ಕೊಟೇಶನ್ ತರಿಸಿ. ವಾಟ್ಸ್ಆ್ಯಪ್‌ನಲ್ಲಿ ಬಂದರೂ ಸಾಕು, ಲೆಟರ್‌ಹೆಡ್ ಮೇಲೆ ಇರಲಿ.

ಇನ್ನು ಜಗ್ಗುವ ಜಾಗ. ಗಾಡಿ ಮಾರಿ ಡೀಲರ್‌ಗೆ ಉಳಿಯುವ ಮಾರ್ಜಿನ್ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಅವರ ನಿಜವಾದ ಗಳಿಕೆ ಇನ್ಶೂರೆನ್ಸ್ ಕಮಿಷನ್, ಬ್ಯಾಂಕಿನಿಂದ ಬರುವ ಸಾಲದ ಪೇಔಟ್, ಆಕ್ಸೆಸರೀಸ್ ಮತ್ತು ಹಳೆಯ ಗಾಡಿಯ ಮರುಮಾರಾಟದಲ್ಲಿದೆ. ‘ಡಿಸ್ಕೌಂಟ್ ಇಲ್ಲ’ ಎಂದವರೂ ಈ ನಾಲ್ಕು ಕಡೆ ಬಗ್ಗುತ್ತಾರೆ.

ಇನ್ಶೂರೆನ್ಸ್‌ನಲ್ಲೇ ಹೆಚ್ಚು ಕೊಬ್ಬಿದೆ. 1500 ಸಿಸಿ ಮೀರಿದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 2022ರಲ್ಲಿ ನಿಗದಿಯಾದ ದರದಂತೆ 24,596 ರೂ., ಶೇ 18 ಜಿಎಸ್‌ಟಿ ಸೇರಿ 29,000 ಚಿಲ್ಲರೆ. ಈ ಭಾಗ ಎಲ್ಲ ಕಂಪನಿಗಳಲ್ಲೂ ಒಂದೇ. ಉಳಿದ ಲಕ್ಷ ರೂಪಾಯಿ ಓನ್ ಡ್ಯಾಮೇಜ್ (ನಿಮ್ಮದೇ ಗಾಡಿಯ ಹಾನಿ) ಮತ್ತು ಆಡ್-ಆನ್‌ಗಳದ್ದು, ಅದು ಪೂರ್ತಿ ಚೌಕಾಸಿಯ ಬಾಬ್ತು. ಶೋರೂಂನಲ್ಲೇ ಪಾಲಿಸಿ ಮಾಡಿಸಬೇಕೆಂಬ ಕಾನೂನು ಇಲ್ಲ. ಹೊರಗಿನ ಎರಡು ಕೊಟೇಶನ್ ತನ್ನಿ. ಹೋಲಿಸುವಾಗ ಐಡಿವಿ (ಗಾಡಿ ಕಳುವಾದರೆ ಅಥವಾ ಪೂರ್ತಿ ನಾಶವಾದರೆ ಸಿಗುವ ಗರಿಷ್ಠ ಮೊತ್ತ) ಒಂದೇ ಇರಲಿ: ಹೊಸ ಗಾಡಿಗೆ ಎಕ್ಸ್-ಶೋರೂಂನ ಶೇ 95, ಅಂದರೆ 22.8 ಲಕ್ಷ. ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವುದು ಹಳೆಯ ಚಾಳಿ. ಆಡ್-ಆನ್‌ಗಳಲ್ಲಿ ಜೀರೋ ಡೆಪ್ (ಬಿಡಿಭಾಗಗಳ ಸವೆತ ಕಳೆಯದೆ ಕೊಡುವ ಕ್ಲೇಮ್) ಮತ್ತು ಗಾಡಿ ಪೂರ್ತಿ ಹೋದರೆ ಬಿಲ್ ಬೆಲೆ ಕೊಡಿಸುವ ರಿಟರ್ನ್ ಟು ಇನ್‌ವಾಯ್ಸ್ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಹಳ್ಳ ದಾಟುವ ದಾರಿ ಇದ್ದರೆ ಎಂಜಿನ್ ಪ್ರೊಟೆಕ್ಟ್ ಕೂಡ. ಕೀ ಕಳೆದರೆ, ಲಗೇಜ್ ಕಳೆದರೆ ಎನ್ನುವವೆಲ್ಲ ಕಿತ್ತುಹಾಕಿಸಿ. ಹಳೆಯ ಗಾಡಿಯ ನೋ ಕ್ಲೇಮ್ ಬೋನಸ್ (ಎನ್‌ಸಿಬಿ, ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಮರೆಯಬೇಡಿ. ಅದು ಗಾಡಿಯ ಹಕ್ಕಲ್ಲ, ಮಾಲೀಕರ ಹಕ್ಕು. ಹಳೆಯ ಗಾಡಿ ಮಾರಿದ ಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆದರೆ ಹೊಸ ಪಾಲಿಸಿಯ ಓನ್ ಡ್ಯಾಮೇಜ್ ಭಾಗದಲ್ಲಿ ಶೇ 50ರವರೆಗೆ ಕಡಿತ ಸಿಗುತ್ತದೆ. ಆದರೆ ಹಳೆಯದು ನಿಮ್ಮ ಹೆಸರಲ್ಲಿದ್ದು ಹೊಸದು ಮಿಲ್ ಹೆಸರಲ್ಲಿ ಬಂದರೆ ಇದು ನಡೆಯುವುದಿಲ್ಲ. ಎನ್‌ಸಿಬಿ ಬಿಟ್ಟು ಲೆಕ್ಕ ಹಾಕಿದರೂ 1.32 ಲಕ್ಷವನ್ನು 95,000ದ ಆಸುಪಾಸಿಗೆ ಇಳಿಸಲು ಪ್ರಯತ್ನಿಸಿ.

ಹ್ಯಾಂಡ್ಲಿಂಗ್ ಚಾರ್ಜ್ 15,000: ಪೂರ್ತಿ ಹೊಡೆದುಹಾಕಿಸಿ. ಕಾರ್ಖಾನೆಯಿಂದ ಶೋರೂಂಗೆ ತರುವ ಖರ್ಚು ಎಕ್ಸ್-ಶೋರೂಂ ಬೆಲೆಯಲ್ಲೇ ಬಂದಿದೆ. ಹೊಸ ಗಾಡಿಯ ಎಚ್‌ಎಸ್‌ಆರ್‌ಪಿ ಪ್ಲೇಟಿನ ಖರ್ಚೂ ಅದರಲ್ಲೇ ಇದೆ. ನೋಂದಣಿ ಶುಲ್ಕ 600, ಸಾಲದ ನಮೂದಿಗೆ 1,500. ‘ಆರ್‌ಟಿಒ ಖರ್ಚು’ ಎಂದು ಇದಕ್ಕಿಂತ ತುಂಬ ಮೇಲೆ ಬರೆದಿದ್ದರೆ ರಸೀದಿ ಕೇಳಿ.

ಆಕ್ಸೆಸರೀಸ್ ಕಿಟ್‌ನಲ್ಲಿ ಮ್ಯಾಟ್, ಮಡ್‌ಫ್ಲ್ಯಾಪ್ ಇರಲಿ, ಅವನ್ನೂ ಬಿಟ್ಟಿಯಾಗಿ ಕೇಳಿ. ಅಂಡರ್‌ಬಾಡಿ ಕೋಟಿಂಗ್ ಕರಾವಳಿಯ ಉಪ್ಪುಗಾಳಿಗೆ ಬೇಕಾದದ್ದು, ನಮ್ಮ ಒಣ ಹವೆಗೆ ಅದಕ್ಕೆ ಹಣ ಸುರಿಯಬೇಕಾಗಿಲ್ಲ. ವಾರಂಟಿ ಒಳ್ಳೆಯದೇ, ಈಗಿನ ಡೀಸೆಲ್ ಎಂಜಿನ್‌ಗಳ ಇಂಜೆಕ್ಟರ್, ಟರ್ಬೊ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೆಟ್ಟರೆ ಬಿಲ್ ಸಣ್ಣದಾಗಿರುವುದಿಲ್ಲ. ಆದರೆ ಮೂಲ ವಾರಂಟಿ ಮುಗಿಯುವ ತನಕ ಅದನ್ನು ಕೊಳ್ಳಲು ಸಾಮಾನ್ಯವಾಗಿ ಅವಕಾಶ ಇರುತ್ತದೆ, ತಡವಾದಷ್ಟು ಬೆಲೆ ಏರುತ್ತದೆ ಅಷ್ಟೆ. ಹಾಗಾಗಿ ಇವತ್ತೇ ತಗೊಳ್ಳಿ ಎಂಬ ಒತ್ತಡಕ್ಕೆ ಬಗ್ಗಬೇಡಿ. ಅದನ್ನೇ ಕೊನೆಯ ಸುತ್ತಿನ ಬೇಡಿಕೆಯಾಗಿ ಇಟ್ಟುಕೊಳ್ಳಿ: ‘ನಗದು ಡಿಸ್ಕೌಂಟ್ ಆಗದಿದ್ದರೆ ವಾರಂಟಿ ಹಾಕಿಕೊಡಿ.’ ಮ್ಯಾನೇಜರ್‌ಗೆ ಇದು ಸುಲಭ, ಏಕೆಂದರೆ ಅವರಿಗೆ ಬೀಳುವ ಖರ್ಚು 32,000ಕ್ಕಿಂತ ಕಡಿಮೆ.

‘ಕಂಪನಿಯವರೇ ಡಿಸ್ಕೌಂಟ್ ಕೊಡಬೇಡಿ ಅಂದಿದ್ದಾರೆ’ ಎಂಬ ಮಾತು ಬಂದರೆ, ಡೀಲರ್‌ಗಳ ರಿಯಾಯಿತಿಗೆ ಕಡಿವಾಣ ಹಾಕಿದ್ದಕ್ಕೆ ಸ್ಪರ್ಧಾ ಆಯೋಗ 2021ರ ಆಗಸ್ಟ್‌ನಲ್ಲಿ ಮಾರುತಿ ಸುಜುಕಿಗೆ 200 ಕೋಟಿ ದಂಡ ಹಾಕಿದ್ದು ನೆನಪಿರಲಿ. ಪ್ರಕರಣ ಮೇಲ್ಮನವಿಗೆ ಹೋಯಿತು. ಆದರೂ ಶೋರೂಂನಲ್ಲಿ ಆ ಮಾತನ್ನು ವೇದವಾಕ್ಯದಂತೆ ಒಪ್ಪಬೇಕಿಲ್ಲ.

ಯಾವಾಗ ಹೋಗಬೇಕು ಎಂಬುದು ನೀವು ಕೇಳದ ಪ್ರಶ್ನೆ, ಆದರೆ ಡಿಸ್ಕೌಂಟ್‌ನ ಅರ್ಧ ಅದರಲ್ಲೇ ಇದೆ. ಆಯುಧ ಪೂಜೆ, ದೀಪಾವಳಿ, ಯುಗಾದಿ, ಅಕ್ಷಯ ತೃತೀಯದ ಮುಂದೆ ಹಿಂದೆ ಯಾರೂ ನಿಮ್ಮ ಮಾತು ಕೇಳುವುದಿಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಮಾರಾಟವಾಗಿ ರೊಕ್ಕ ಕೈಗೆ ಬರುವ ವಾರಗಳಲ್ಲೂ ಅಷ್ಟೆ. ಶೋರೂಂ ಖಾಲಿ ಹೊಡೆಯುವುದು ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ. ಧನುರ್ಮಾಸ ವರ್ಷಾಂತ್ಯದ ಸ್ಟಾಕ್ ಖಾಲಿ ಮಾಡುವ ಕಾಲವೂ ಹೌದು. ಮನೆಯಲ್ಲಿ ಹಿರಿಯರು ಒಪ್ಪದಿದ್ದರೆ ಇನ್‌ವಾಯ್ಸ್ ಮತ್ತು ನೋಂದಣಿ ಆ ತಿಂಗಳಲ್ಲೇ ಮುಗಿಸಿ, ಗಾಡಿಯನ್ನು ಮುಹೂರ್ತದ ದಿನ ಮನೆಗೆ ತನ್ನಿ. ಕಂಪನಿಯ ಸ್ಕೀಮ್ ಲೆಕ್ಕಕ್ಕೆ ಬರುವುದು ಬಿಲ್ ಆದ ತಿಂಗಳು, ಪೂಜೆ ಮಾಡಿದ ದಿನ ಅಲ್ಲ. ತಿಂಗಳ ಕೊನೆಯ ನಾಲ್ಕೈದು ದಿನಗಳಲ್ಲಿ ಟಾರ್ಗೆಟ್ ಒತ್ತಡ ಇರುತ್ತದೆ, ಆಗ ಸೇಲ್ಸ್‌ಮನ್ ಬಿಟ್ಟು ನೇರ ಮ್ಯಾನೇಜರ್ ಜೊತೆ ಕೂರಿ.

ಯಾರ್ಡ್‌ನಲ್ಲಿ ಗಾಡಿ ಎಷ್ಟು ದಿನದಿಂದ ನಿಂತಿದೆ ಎಂದೂ ಕೇಳಿ. ಡೀಲರ್ ಸಾಲ ಮಾಡಿಯೇ ಸ್ಟಾಕ್ ಇಡುತ್ತಾರೆ. 23 ಲಕ್ಷ ಸಿಕ್ಕಿಕೊಂಡರೆ ಶೇ 9.5ರಂತೆ ತಿಂಗಳಿಗೆ 18,000 ಬಡ್ಡಿ. ಎರಡು ಮೂರು ತಿಂಗಳು ನಿಂತ ಗಾಡಿಯ ಮೇಲೆ ನೀವು 50,000 ಕೇಳಿದರೆ ಅದು ಅನ್ಯಾಯದ ಬೇಡಿಕೆಯಲ್ಲ. ವೇಟಿಂಗ್ ಇರುವುದು ಸಾಮಾನ್ಯವಾಗಿ ಒಂದೆರಡು ವೇರಿಯಂಟ್‌ಗೆ, ಅದರಲ್ಲೂ ಬಿಳಿ, ಕಪ್ಪು ಬಣ್ಣಕ್ಕೆ. ಬಣ್ಣದಲ್ಲಿ ಹಟ ಬಿಟ್ಟರೆ ಮಾತು ಬದಲಾಗುತ್ತದೆ. ನಿಜಕ್ಕೂ ವೇಟಿಂಗ್ ಇದ್ದರೆ ಡಿಸ್ಕೌಂಟ್ ಆಸೆ ಬಿಟ್ಟು, ಬುಕಿಂಗ್ ರಸೀದಿಯ ಮೇಲೆ ಎರಡು ಸಾಲು ಬರೆಸಿ: ಕಡ್ಡಾಯ ಆಕ್ಸೆಸರೀಸ್ ಇಲ್ಲ, ರದ್ದು ಮಾಡಿದರೆ ಇಂತಿಷ್ಟು ದಿನದಲ್ಲಿ ಪೂರ್ತಿ ಹಣ ವಾಪಸ್. ಡೆಲಿವರಿ ದಿನದ ಬೆಲೆಯೇ ಅನ್ವಯ ಎಂಬ ಷರತ್ತು ಅಚ್ಚಾಗಿ ಬಂದಿರುತ್ತದೆ, ಅದನ್ನು ತೆಗೆಸುವುದು ಕಷ್ಟ.

ಎಕ್ಸ್‌ಚೇಂಜ್ ಮಾತನ್ನು ಹೊಸ ಗಾಡಿಯ ಬೆಲೆ ಲಿಖಿತವಾಗಿ ಸಿಕ್ಕ ಮೇಲೆ ಎತ್ತಿ. ಎರಡನ್ನೂ ಕೂಡಿಸಿದರೆ ಹೊಸದರಲ್ಲಿ 40,000 ಬಿಟ್ಟು ಹಳೆಯದರಲ್ಲಿ 70,000 ಕಿತ್ತುಕೊಳ್ಳುತ್ತಾರೆ. ಹೊರಗಿನ ಇಬ್ಬರು ವ್ಯಾಪಾರಿಗಳ ಬೆಲೆ, ಎಕ್ಸ್‌ಚೇಂಜ್ ಬೋನಸ್, ಎರಡನ್ನೂ ಇಟ್ಟು ನೋಡಿ. ಯಾರಿಗೆ ಕೊಟ್ಟರೂ ಆರ್‌ಸಿ ವರ್ಗಾವಣೆಯಾಗುವ ತನಕ ಬೆನ್ನು ಬಿಡಬೇಡಿ. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಳೆಯ ಗಾಡಿ ಜಿಎಸ್‌ಟಿ ನೋಂದಣಿ ಇರುವ ಮಿಲ್ ಹೆಸರಲ್ಲಿದ್ದು ಲೆಕ್ಕಪತ್ರದಲ್ಲಿ ಸವಕಳಿ (ಡಿಪ್ರಿಸಿಯೇಶನ್) ತೋರಿಸಿದ್ದರೆ, ಮಾರಾಟ ಬೆಲೆಯಿಂದ ಸವಕಳಿ ಕಳೆದ ಬೆಲೆಯನ್ನು ತೆಗೆದು ಉಳಿದ ಲಾಭದ ಮೇಲೆ ಶೇ 18 ಜಿಎಸ್‌ಟಿ ಇದೆ. ಇದನ್ನು ಆಡಿಟರ್‌ಗೆ ಮುಂಚೆಯೇ ತಿಳಿಸಿ.

ಸಾಲವನ್ನು ನಿಮ್ಮ ಬ್ಯಾಂಕಿನಲ್ಲಿ ಮೊದಲು ಮಂಜೂರು ಮಾಡಿಸಿಕೊಂಡು ಹೋಗಿ. ಆಮೇಲೆ ಶೋರೂಂನ ಫೈನಾನ್ಸ್ ಮೇಜಿನವರು ಅದಕ್ಕಿಂತ ಕಡಿಮೆ ಕೊಟ್ಟರೆ ತಗೊಳ್ಳಿ. ‘ಶೇ 6 ಫ್ಲಾಟ್’ ಎಂದರೆ ಅಗ್ಗ ಎನಿಸುತ್ತದೆ, ಆದರೆ ಅಸಲು ತೀರುತ್ತ ಬಂದರೂ ಬಡ್ಡಿ ಮೊದಲಿನ ಪೂರ್ತಿ ಸಾಲದ ಮೇಲೇ ಬೀಳುತ್ತದೆ. 5 ವರ್ಷಕ್ಕೆ ಅದು ಇಳಿಕೆ ಬಾಕಿ ಲೆಕ್ಕದಲ್ಲಿ ಶೇ 11ರ ಹತ್ತಿರ. 2024ರ ಅಕ್ಟೋಬರ್‌ನಿಂದ ಸಾಲದ ಎಲ್ಲ ಖರ್ಚು ಸೇರಿದ ವಾರ್ಷಿಕ ದರ ತೋರಿಸುವ ಕೆಎಫ್‌ಎಸ್ ಎಂಬ ಹಾಳೆಯನ್ನು ಕೊಡುವುದು ಕಡ್ಡಾಯ, ಕೇಳಿ ತೆಗೆದುಕೊಳ್ಳಿ. ಸುಗ್ಗಿಯಲ್ಲಿ ಒಮ್ಮೆಲೆ ತೀರಿಸುವ ಯೋಚನೆ ಇದ್ದರೆ ಅವಧಿಗೆ ಮುನ್ನ ತೀರಿಸುವ ಶುಲ್ಕ ಎಷ್ಟೆಂದು ಅದರಲ್ಲೇ ನೋಡಿ. ಇನ್ನೊಂದು: ಡೀಲರ್ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತಿಲ್ಲ. ಕಂತಿನಲ್ಲಿ ಕೊಟ್ಟರೂ ಒಂದೇ ವ್ಯವಹಾರವೆಂದೇ ಲೆಕ್ಕ.

ಈಗ ಲೀಸ್. ಲೀಸ್ ಕಂಪನಿ ನಿಮಗೆ 54,000 ಎಂದಿರುವುದು ಅರ್ಧ ಮಾತು. ಗಾಡಿಗೆ ಯಾವ ಜಿಎಸ್‌ಟಿ ದರವೋ ಅದರ ಬಾಡಿಗೆಗೂ ಅದೇ ದರ, ಅಂದರೆ ಶೇ 40. ತಿಂಗಳಿಗೆ 75,600. 36 ತಿಂಗಳಿಗೆ 27.2 ಲಕ್ಷ. ಮಿಲ್‌ಗೆ ಜಿಎಸ್‌ಟಿ ನೋಂದಣಿ ಇದೆಯಲ್ಲ, ಇನ್‌ಪುಟ್ ಕ್ರೆಡಿಟ್ (ಕೊಟ್ಟ ಜಿಎಸ್‌ಟಿಯನ್ನು ಮಿಲ್ ಕಟ್ಟುವ ಜಿಎಸ್‌ಟಿಯಲ್ಲಿ ಕಳೆಯುವುದು) ತಗೊಳ್ಳಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚಾಲಕ ಸೇರಿ 13 ಸೀಟಿನವರೆಗಿನ ಪ್ರಯಾಣಿಕ ವಾಹನದ ಖರೀದಿಗೂ ಲೀಸಿಗೂ ಜಿಎಸ್‌ಟಿ ಕಾಯ್ದೆಯ 17(5) ಕಲಂ ಕ್ರೆಡಿಟ್ ತಡೆಯುತ್ತದೆ. ಟ್ಯಾಕ್ಸಿ, ಡ್ರೈವಿಂಗ್ ಶಾಲೆ, ವಾಹನ ಮಾರಾಟದಂಥ ವ್ಯವಹಾರಕ್ಕೆ ಮಾತ್ರ ವಿನಾಯಿತಿ.

54,000 ಎಲ್ಲಿಂದ ಬಂತು ಎಂಬುದನ್ನು ನೀವೇ ಬಿಡಿಸಬಹುದು. ಕಂಪನಿಗೆ ಗಾಡಿಯ ಜಿಎಸ್‌ಟಿ ಕ್ರೆಡಿಟ್ ಸಿಗುತ್ತದೆ, ಹಾಗಾಗಿ ಅದರ ಹೂಡಿಕೆ ಮೂಲಬೆಲೆ 17.14, ಜೀವಾವಧಿ ತೆರಿಗೆ 4.8, ಮೊದಲ ಇನ್ಶೂರೆನ್ಸ್ ಸುಮಾರು 1, ಒಟ್ಟು 22.9 ಲಕ್ಷ. ಮೂರು ವರ್ಷದ ನಂತರ ಗಾಡಿ 10.5 ಲಕ್ಷಕ್ಕೆ ನಿಲ್ಲುತ್ತದೆ ಎಂದು ಇಟ್ಟುಕೊಂಡರೆ ಸವೆಯುವ 12.4 ಲಕ್ಷವನ್ನು 36ರಿಂದ ಭಾಗಿಸಿ: 34,400. ಬಡ್ಡಿಗೆ ಸರಳ ಲೆಕ್ಕ: ಹೂಡಿಕೆ ಮತ್ತು ಉಳಿಕೆ ಬೆಲೆ (ಆ 10.5 ಲಕ್ಷ) ಕೂಡಿಸಿ, ಬಡ್ಡಿದರದಿಂದ ಗುಣಿಸಿ, 2400ರಿಂದ ಭಾಗಿಸಿ. 33.4 ಲಕ್ಷ, ಶೇ 11: 15,300. ಎರಡೂ ಸೇರಿ 49,700. ಉಳಿದ 4,300 ಇನ್ಶೂರೆನ್ಸ್ ನವೀಕರಣ, ಸರ್ವೀಸ್. ಅಂದರೆ ದರ ಶೇ 11ರ ಹತ್ತಿರ ಇದ್ದರೆ, ಉಳಿಕೆ ಬೆಲೆಯನ್ನು 10.5 ಲಕ್ಷದ ಆಸುಪಾಸಿಗೆ ಹಿಡಿದಿದ್ದಾರೆ ಎಂದಾಯಿತು; ಕೊಂಡವರು ಮಾರುವ ಬೆಲೆಗಿಂತ (ಕೆಳಗಿನ ಲೆಕ್ಕದಲ್ಲಿ 15 ಲಕ್ಷ) ಇದು ಕಡಿಮೆ. ಬಾಡಿಗೆ ಇಳಿಸಿ ಎಂದು ಸುಮ್ಮನೆ ಕೇಳುವ ಬದಲು ಈ ಎರಡನ್ನು ಹಿಡಿದು ಜಗ್ಗಿ. ಉಳಿಕೆ ಬೆಲೆ 1 ಲಕ್ಷ ಏರಿದರೆ ಬಾಡಿಗೆ 2,300 ಇಳಿಯುತ್ತದೆ, ಜಿಎಸ್‌ಟಿ ಸೇರಿ 3,200. ಬಡ್ಡಿ ಶೇ 2 ಇಳಿದರೆ 2,800, ಜಿಎಸ್‌ಟಿ ಸೇರಿ 3,900.

ಕೊಂಡರೆ ಎಷ್ಟು ಬೀಳುತ್ತದೆ? ಮೇಲಿನ ಕತ್ತರಿ ಆಡಿಸಿದ ಮೇಲೆ ಆನ್‌ರೋಡ್ 30 ಲಕ್ಷ, ಟಿಸಿಎಸ್ ಕಳೆದು 29.76. ಕೈಯಿಂದ 6 ಲಕ್ಷ, ಸಾಲ 24 ಲಕ್ಷ, ಶೇ 9.5, 5 ವರ್ಷ: ಇಎಂಐ 50,400. ಮೂರು ವರ್ಷದಲ್ಲಿ ಕಟ್ಟುವ ಬಡ್ಡಿ 5.1 ಲಕ್ಷ. ಕೈಯಿಂದ ಹಾಕಿದ ಹಣದ ಎಫ್‌ಡಿ ಬಡ್ಡಿ 1.2, ಮುಂದಿನ ಎರಡು ವರ್ಷದ ಇನ್ಶೂರೆನ್ಸ್ 1.2, ಸರ್ವೀಸ್ 1.2 ಲಕ್ಷ. ಮೂರು ವರ್ಷದ ನಂತರ ಗಾಡಿ 15 ಲಕ್ಷಕ್ಕೆ ಹೋದರೆ ಸವೆತ 14.8. ಒಟ್ಟು 23.5 ಲಕ್ಷ. ಲೀಸ್ 27.2. ವ್ಯತ್ಯಾಸ 3.7 ಲಕ್ಷ ಖರೀದಿಯ ಕಡೆಗಿದೆ.

ಆದಾಯ ತೆರಿಗೆ ಈ ಅಂತರವನ್ನು ತಗ್ಗಿಸುತ್ತದೆ. ಪಾಲುದಾರಿಕೆ ಸಂಸ್ಥೆಗೆ ಸೆಸ್ ಸೇರಿ ಶೇ 31.2 ತೆರಿಗೆ. ಲೀಸ್ ಬಾಡಿಗೆ ಪೂರ್ತಿ ಖರ್ಚು, ಅದರಿಂದ 8.5 ಲಕ್ಷ ಉಳಿತಾಯ. ಕೊಂಡರೆ ವರ್ಷವರ್ಷ ಇಳಿಯುವ ಲೆಕ್ಕಬೆಲೆಯ ಮೇಲೆ ಶೇ 15 ಸವಕಳಿ, ಜೊತೆಗೆ ಬಡ್ಡಿ, ಇನ್ಶೂರೆನ್ಸ್, ಸರ್ವೀಸ್, ಎಲ್ಲ ಸೇರಿ 6.1 ಲಕ್ಷದಷ್ಟು. ಹಾಗಾಗಿ ಅಂತರ 1.3 ಲಕ್ಷಕ್ಕೆ ಇಳಿಯುತ್ತದೆ, ಆದರೂ ಖರೀದಿಯೇ ಮುಂದೆ. ಕೊಂಡ ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಮೊದಲ ವರ್ಷ ಸವಕಳಿ ಅರ್ಧ, ಶೇ 7.5 ಮಾತ್ರ. ಈ ಒಂದು ಕಾರಣಕ್ಕೆ ಮಿಲ್ ಹೆಸರಲ್ಲಿ ಕೊಳ್ಳುವವರಿಗೆ ಧನುರ್ಮಾಸಕ್ಕಿಂತ ಆಷಾಢ ಮೇಲು. ಮನೆಯ ಓಡಾಟಕ್ಕೂ ಬಳಸುವ ಗಾಡಿಯ ಖರ್ಚಿನ ಒಂದು ಪಾಲನ್ನು ಅಧಿಕಾರಿಗಳು ಒಪ್ಪದಿರಬಹುದು. ಇನ್ನು ಗದ್ದೆಯ ಆದಾಯದಿಂದ ಸ್ವಂತ ಹೆಸರಲ್ಲಿ ಕೊಳ್ಳುವುದಾದರೆ, ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದ ಕಾರಣ ಲೀಸಿನಿಂದ ಉಳಿಯುವುದು ಏನೂ ಇಲ್ಲ. ಆಗ ಲೀಸ್ ಯೋಚನೆ ಪೂರ್ತಿ ಬಿಡಿ.

ಕಿಲೋಮೀಟರ್ ಮಿತಿಯೇ ನಿಮ್ಮಂಥವರಿಗೆ ದೊಡ್ಡ ಹೊಡೆತ. ಗಂಗಾವತಿಯಿಂದ ಬೆಂಗಳೂರಿಗೆ ಹೋಗಿಬಂದರೆ 700 ಕಿ.ಮೀ. ದಾಟುತ್ತದೆ. ತಿಂಗಳಿಗೆ ಎರಡು ಸಲ ಹೋದರೆ ಅದೊಂದೇ ವರ್ಷಕ್ಕೆ 16,800. ವರ್ಷಕ್ಕೆ 25,000 ಓಡಿಸಿ, ಹೆಚ್ಚುವರಿಗೆ ಕಿ.ಮೀ.ಗೆ 12 ರೂ. ಎಂದಿದ್ದರೆ, 30,000 ಕಿ.ಮೀ.ಗೆ 3.6 ಲಕ್ಷ, ಅದರ ಮೇಲೂ ಜಿಎಸ್‌ಟಿ. ಹೆಚ್ಚು ಓಡುತ್ತೀರಿ ಎಂದು ಗೊತ್ತಿದ್ದರೆ ಆರಂಭದಲ್ಲೇ 25,000ಕ್ಕೆ ಕೊಟೇಶನ್ ಕೇಳಿ, ಮಿತಿಯನ್ನು ವರ್ಷವಾರು ಬೇಡ, ಮೂರೂ ವರ್ಷಕ್ಕೆ ಕೂಡಿಸಿ ಲೆಕ್ಕ ಹಾಕುವಂತೆ ಬರೆಸಿ.

ಪಾಲುದಾರರು ಲೀಸೇ ಬೇಕೆಂದು ಹಟ ಹಿಡಿದರೆ ಕರಾರಿನಲ್ಲಿ ಇಷ್ಟನ್ನು ನೋಡಿ. ಆರ್‌ಸಿ ಯಾರ ಹೆಸರಲ್ಲಿ, ಯಾವ ಬಣ್ಣದ ಪ್ಲೇಟ್: ಬಾಡಿಗೆ ವಾಹನದ ಕಪ್ಪು ಪ್ಲೇಟ್ ಗಾಡಿ ನಿಮಗೆ ಬೇಡ. ಮಧ್ಯದಲ್ಲಿ ಬಿಟ್ಟರೆ ಎಷ್ಟು ತಿಂಗಳ ಬಾಡಿಗೆ ದಂಡ, ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆಯೇ. ಟೈರ್, ಬ್ಯಾಟರಿ, ಹೊಗೆ ಶುದ್ಧಿಗೆ ತುಂಬುವ ಡಿಇಎಫ್ ದ್ರವ ಯಾರ ಖರ್ಚು. ಕ್ಲೇಮ್ ಆದಾಗ ನಿಮ್ಮ ಕೈಯಿಂದ ಎಷ್ಟು. ಗಾಡಿ ಕೆಟ್ಟರೆ ಬದಲಿ ಗಾಡಿ ಗಂಗಾವತಿಗೆ ಬರುತ್ತದೆಯೋ, ಬೆಂಗಳೂರಿನಲ್ಲಿ ಮಾತ್ರವೋ. ‘ಜಿಎಸ್‌ಟಿ ಆಯಾ ಕಾಲದ ದರದಂತೆ’ ಎಂಬ ಸಾಲು ಇರಲಿ, 2025ರಲ್ಲಿ ದರ ಇಳಿದಂತೆ ಮತ್ತೆ ಇಳಿದರೆ ಲಾಭ ನಿಮಗೆ ಬರಲಿ. ಕೊನೆಗೆ ಗಾಡಿಯನ್ನು ನೀವೇ ಕೊಳ್ಳುವುದಾದರೆ ಬೆಲೆ ಎಷ್ಟು, ತೆರಿಗೆ ಸೇರಿಯೋ ಬಿಟ್ಟೋ, ಈಗಲೇ ಅಂಕಿಯಲ್ಲಿ ಬರೆಸಿ.

ವಾಪಸ್ ಕೊಡುವಾಗಿನ ಸ್ಥಿತಿಯ ಷರತ್ತನ್ನು ಇಲ್ಲಿಯವರು ಎರಡು ಸಲ ಓದಬೇಕು. ‘ಸಹಜ ಸವೆತ’ ಎಂದಷ್ಟೇ ಬರೆದಿದ್ದರೆ ಒಪ್ಪಬೇಡಿ. ಕಾಲುವೆ ದಾರಿಯ ಎರಡೂ ಬದಿಯ ಬಳ್ಳಾರಿ ಜಾಲಿ ಬಾಗಿಲುಗಳ ಮೇಲೆ ಎಳೆಯುವ ಗೀರು, ತೋರಣಗಲ್ಲು–ಸಂಡೂರು ಕಡೆ ಲಾರಿಗಳಿಂದ ಸಿಡಿದ ಕಲ್ಲು ಗಾಜಿನ ಮೇಲೆ ಬಿಡುವ ಚುಕ್ಕೆ, ಇವೆಲ್ಲ ಬೆಂಗಳೂರಿನ ಪರಿಶೀಲಕರ ಕಣ್ಣಿಗೆ ಡ್ಯಾಮೇಜ್. ಎಷ್ಟು ಉದ್ದದ ಗೀರಿನವರೆಗೆ ಸಹಜ, ಪ್ರತಿ ಪ್ಯಾನೆಲ್‌ಗೆ ಎಷ್ಟು ದರ ಎಂಬ ಪಟ್ಟಿಯನ್ನು ಕರಾರಿಗೆ ಲಗತ್ತಿಸಲಿ. ಗಾಡಿ ಕೈಗೆ ಬಂದ ದಿನ ಸುತ್ತಲೂ ವಿಡಿಯೊ ಮಾಡಿ ಅವರಿಗೆ ಇ-ಮೇಲ್ ಕಳಿಸಿ.

ಕೊಳ್ಳುವುದೇ ಎಂದು ತೀರ್ಮಾನಿಸಿದರೆ, ಪೂರ್ತಿ ಹಣ ಕಟ್ಟುವ ಮುಂಚೆ, ಜೀವಾವಧಿ ತೆರಿಗೆ ಕಟ್ಟುವುದಕ್ಕೂ ಮುಂಚೆ ಯಾರ್ಡ್‌ನಲ್ಲಿ ಹಗಲು ಬೆಳಕಿನಲ್ಲಿ ಗಾಡಿ ನೋಡಿ. ಗಾಡಿ ತಯಾರಕರು ಕೊಡುವ ಫಾರ್ಮ್ 22ರಲ್ಲಿ ತಯಾರಿಯ ತಿಂಗಳು, ವರ್ಷ ಇರುತ್ತದೆ. ಚಾಸಿ ನಂಬರಿನ 10ನೇ ಅಕ್ಷರ ‘ಎಸ್’ ಇದ್ದರೆ ಸಾಮಾನ್ಯವಾಗಿ 2025, ‘ಟಿ’ ಇದ್ದರೆ 2026. ಟೈರ್ ಬದಿಯ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಐದೂ ಟೈರ್ ಹತ್ತಿರ ಹತ್ತಿರದ ದಿನಾಂಕದವೇ ಎಂದು ನೋಡಿ. ಹಿಂದಿನ ವರ್ಷದ ಗಾಡಿ ಎಂದು ಗೊತ್ತಾದರೆ ತಕ್ಷಣ ಬೇಡ ಎನ್ನಬೇಕಿಲ್ಲ, ಬೆಲೆ ಮಾತನ್ನು ಮತ್ತೆ ತೆರೆಯಿರಿ: ಮರುಮಾರಾಟದಲ್ಲಿ ಒಂದು ವರ್ಷ ಹಳತಾಗಿ ಎಣಿಕೆಯಾಗುವ ನಷ್ಟವನ್ನು ಅವರೇ ಭರಿಸಬೇಕು. ಮೀಟರಿನಲ್ಲಿ 100 ಕಿ.ಮೀ. ದಾಟಿದ್ದರೆ ಟೆಸ್ಟ್ ಡ್ರೈವ್‌ಗೆ ಬಳಸಿದ್ದೋ, ಬೇರೆ ಶಾಖೆಯಿಂದ ಓಡಿಸಿ ತಂದದ್ದೋ ಕೇಳಿ. ಎಲ್ಲ ಸರಿಯಿದ್ದರೆ ಆ ಚಾಸಿ ನಂಬರನ್ನೇ ಬುಕಿಂಗ್ ಹಾಳೆಯ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ, ಆಮೇಲೆ ಆರ್‌ಟಿಜಿಎಸ್ ಮಾಡಿ.